ಕಾಣದ ಮೊಸಳೆಗಳ ಲೆಕ್ಕ

ಕಾಡುಪ್ರಾಣಿಗಳ ಗಣತಿ ಕೆಲಸಕ್ಕೆ ಹೊಸದಾಗಿ ಸೇರಿದ ಮೂವರು ಹೋದ ತಿಂಗಳು ಯಾದಗಿರಿಯ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದು, ನಿಮ್ಮ ಅನುಭವ ಬರೆದುಕೊಡಿ, ತರಬೇತಿಯಲ್ಲಿ ಓದಿಸುತ್ತೇವೆ ಎಂದರು. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ. ಅದನ್ನು ಈಗ ಗೆದ್ದಲು ಓದುತ್ತಿರಬಹುದು. ನಾನು ಬರೆಯಬೇಕಾದದ್ದು ಒಂದು ಸಹಿಯ ವಿಷಯ.

ಸುರಪುರದ ಕಡೆಯ ಒಂದು ಹೊಳೆದಂಡೆಯ ಊರಿನ ಬಳಿ ಕೃಷ್ಣಾ ನದಿಯಲ್ಲಿ ಎಷ್ಟು ಮೊಸಳೆಗಳಿವೆ ಎಂಬ ಕಾಗದದ ಕೆಳಗೆ ನಾನು ಸಹಿ ಹಾಕಿದೆ. ಕಾಗದದಲ್ಲಿ ‘ಎರಡು’ ಎಂದಿತ್ತು. ಆ ಎರಡನ್ನು ನಂಬಿ ಆ ಊರಿನವರು ಮೆಟ್ಟಿಲಿಳಿದು ಹೊಳೆಗೆ ಹೋಗುವ ಘಟ್ಟಕ್ಕೆ ಬೇಲಿ ಬೇಡವೆಂದು ತೀರ್ಮಾನವಾಯಿತು. ಮುಂದೆ ಅದೇ ಘಟ್ಟದಲ್ಲಿ ನಿಂಗಮ್ಮ ಎಂಬ ಹೆಣ್ಣುಮಗಳನ್ನು ಮೊಸಳೆ ಹಿಡಿದಾಗ ನಾನು ಎಂಟು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವಳು ಬದುಕಿದ್ದಾಳೆ. ನಾನು ಈಗಲೂ ಬಚ್ಚಲಿನಲ್ಲಿ ತುಂಬಿದ ಬಕೀಟಿಗೆ ಚೆಂಬು ಅದ್ದುವ ಮೊದಲು ತುಸು ಹೊತ್ತು ನೀರನ್ನೇ ನೋಡುತ್ತೇನೆ. ನನ್ನ ಹೆಂಡತಿಗೆ ಇದು ಮೊದಮೊದಲು ನಗೆ ತರಿಸುತ್ತಿತ್ತು. ಈಗ ಅವಳೇ ಸದ್ದಿಲ್ಲದೆ ಬಕೀಟು ಅರ್ಧ ಮಾತ್ರ ತುಂಬಿಸಿ ಇಡುತ್ತಾಳೆ.

ಅಲ್ಲಿಗೆ ಹೇಗೆ ತಲುಪಿದೆ ಎಂದು ತಿಳಿಯಬೇಕಾದರೆ ಈ ನೌಕರಿ ಎಂಥದ್ದೆಂದು ಮೊದಲು ಹೇಳಬೇಕು.

ನಮ್ಮಪ್ಪ ಮುದನಾಳದಲ್ಲಿ ಶಾಲಾ ಮಾಸ್ತರು. ಬುದ್ಧನ ಪಟದ ಕೆಳಗೆ ಕೂರಿಸಿ, ಉತ್ತರ ಬರದಿದ್ದರೆ ಬರಲಿಲ್ಲ ಎಂದು ಬರಿ, ಸುಳ್ಳು ಉತ್ತರ ಮಾತ್ರ ಬರೀಬೇಡ ಎಂದು ಗಣಿತ ಕಲಿಸಿದವರು. ನಾನು ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರ ಓದಿದೆ. ಡಿಗ್ರಿ ಕೈಗೆ ಬಂದ ಮೇಲೆ ಸಿಕ್ಕಿದ್ದು ಇದೇ ನೌಕರಿ. ಮೊದಲ ದಿನ ಕಚೇರಿಯ ಹಿರಿಯ ಗುಮಾಸ್ತರಾದ ಖಾದರಸಾಬರು ನನ್ನೆದುರು ಒಂದು ದಪ್ಪ ರಿಜಿಸ್ಟರ್ ಇಟ್ಟು, ಈ ವರ್ಷದ ಚಿಗರಿ ಗಣತಿ ಬರಿ ಎಂದರು. ನಮ್ಮ ಸೀಮೆಯಲ್ಲಿ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತಾರೆ. ಎಣಿಸಲು ಯಾವಾಗ ಹೋಗುವುದೆಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಹೋದ ವರ್ಷದ ಅಂಕಿಗೆ ಐದು ಕೂಡಸು. ಕಡಿಮಿ ಆದ್ರ ಯಾರು ತಿಂದ್ರು ಅಂತ ಕೇಳ್ತಾರ. ಭಾಳ ಆದ್ರ ಎಲ್ಲಿಂದ ಬಂದ್ವು ಅಂತ ಕೇಳ್ತಾರ. ಐದಕ್ಕ ಯಾರೂ ಬಾಯಿ ತಗಿಯಂಗಿಲ್ಲ.”

ಅದು ಆ ಕಾಲದ ಸಂಖ್ಯಾಶಾಸ್ತ್ರ. ನಮ್ಮ ಚಿಗರಿಗಳು ನೌಕರರ ಸಂಬಳದ ಹಾಗೆ ವರ್ಷಕ್ಕೊಮ್ಮೆ ಬಡ್ತಿ ಪಡೆಯುತ್ತಿದ್ದವು. ಅವುಗಳಿಗೆ ಬರ, ರೋಗ, ಬೇಟೆಗಾರ ಏನೂ ತಟ್ಟುತ್ತಿರಲಿಲ್ಲ. ನಾನು ಸೇರುವ ಮೊದಲೇ ಸತ್ತು, ಚರ್ಮವಾಗಿ ಕಚೇರಿಯ ಗೋದಾಮಿನಲ್ಲಿ ಮಡಿಸಿಟ್ಟಿದ್ದ ಒಂದು ಹೆಣ್ಣು ತೋಳ ರಿಜಿಸ್ಟರಿನಲ್ಲಿ ವರ್ಷವರ್ಷವೂ ಮರಿ ಹಾಕುತ್ತಿತ್ತು. ಖಾದರಸಾಬರು ಕೆಟ್ಟವರಲ್ಲ. ಆ ತೋಳಕ್ಕೆ ಮರಿ ಬರೆಯುವಾಗ ಪ್ರತಿ ಸಲ, ದೇವರು ಮಾಫ್ ಮಾಡಲಿ ಎನ್ನುತ್ತಿದ್ದರು.

ಅವರು ನಿವೃತ್ತರಾದ ಮೇಲೆ ವಿಜ್ಞಾನ ಬಂತು. ಅದರ ಜೊತೆಗೆ ದೊಡ್ಡ ಸಾಹೇಬರು ಬಂದರು. ಅವರು ಮೈಸೂರಿನ ಕಡೆಯವರು. ನಮ್ಮ ಮಾತು ಕೇಳಿದರೆ ಜಗಳಾಡುತ್ತಿದ್ದಾರೆ ಎಂದು ತಿಳಿಯುತ್ತಿದ್ದರು. ಐದು ಕೂಡಿಸುವ ಪದ್ಧತಿ ರದ್ದಾಯಿತು. ಇನ್ನು ಮೇಲೆ ಗೆರೆ ಹಿಡಿದು ನಡೆಯುವುದು, ಕಂಡ ಪ್ರಾಣಿ ಗೆರೆಯಿಂದ ಎಷ್ಟು ದೂರವಿದೆ ಎಂದು ಅಳೆಯುವುದು.

ಇದರ ತಿರುಳು ಸರಳವಿದೆ, ಹೊಸಬರು ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನೀವು ಹೊಲದಲ್ಲಿ ನೇರ ನಡೆಯುತ್ತಿದ್ದರೆ ಕಾಲ ಬುಡದ ಪ್ರಾಣಿ ತಪ್ಪದೆ ಕಾಣುತ್ತದೆ. ದೂರದ್ದು ಕೆಲವು ಕಾಣುತ್ತವೆ, ಕೆಲವು ತೊಗರಿ ಸಾಲಿನ ಮರೆಯಲ್ಲಿ ಉಳಿಯುತ್ತವೆ. ದೂರ ಹೆಚ್ಚಿದ ಹಾಗೆ ಕಾಣುವುದು ಎಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎಂದು ಗೊತ್ತಾದರೆ, ಕಣ್ಣಿಗೆ ಬೀಳದವು ಎಷ್ಟಿರಬಹುದು ಎಂದು ಅಂದಾಜು ಮಾಡಬಹುದು. ಕಂಡದ್ದನ್ನು ಎಣಿಸುವುದಕ್ಕೆ ದನ ಕಾಯುವವನು ಸಾಕು. ನಮಗೆ ಸಂಬಳ ಕೊಡುವುದು ಕಾಣದ್ದಕ್ಕೆ.

ಆದರೆ ಗೆರೆ ಎಲ್ಲಿ ಬೇಕಾದರೂ ಬೀಳಬೇಕು. ಹಳ್ಳ, ಮುಳ್ಳು, ಇನ್ನೊಬ್ಬರ ಹೊಲ ಎಂದು ನೋಡುವಂತಿಲ್ಲ. ಮೊದಲ ಗೆರೆ ನಮ್ಮ ಮುದನಾಳದ ಒಬ್ಬ ರೈತನ ತೊಗರಿಯ ನಡುವೆಯೇ ಬಿತ್ತು. ಆತ ಬದುವಿನ ಮೇಲೆ ಕುಳಿತು ನಮ್ಮ ನಾಲ್ವರ ಸವಾರಿಯನ್ನು ಬಹಳ ಹೊತ್ತು ನೋಡಿದ.

“ಎಣಿಸಿದ ಮ್ಯಾಲ ಒಯ್ತೀರೇನ್ರಿ ಇವನ್ನ?”

ಇಲ್ಲ, ಬರೀ ಎಣಿಸುತ್ತೇವೆ ಎಂದೆ.

“ಹಂಗಿದ್ರ ಮನೀಗೆ ಹೋಗ್ರಿ. ನಾವು ದಿನಾ ಎಣಸ್ತೀವಿ.”

ಮರುದಿನ ದೊಡ್ಡ ಸಾಹೇಬರು ಕಾಲಿಗೆ ಚುಚ್ಚಿದ ಮುಳ್ಳು ತೆಗೆಸಿಕೊಂಡು ಹೊಸ ಆದೇಶ ಹೊರಡಿಸಿದರು. ಗೆರೆಗಳನ್ನೆಲ್ಲ ಶಹಾಪುರದ ಡಾಂಬರು ರಸ್ತೆಯ ಮೇಲೆ ತರಬೇಕು. ಗೆರೆ ಗೆರೆಯೇ, ಜೀಪಿನಲ್ಲಿ ಕುಳಿತು ಹೋದರೆ ಅದೇನೂ ಬಗ್ಗುವುದಿಲ್ಲ ಎಂದು ಅವರ ವಾದ. ಚಿಗರಿಗಳಿಗೆ ಡಾಂಬರು ರಸ್ತೆ ಕಂಡರಾಗದು. ಹಾಗಾಗಿ ರಸ್ತೆಯ ಹತ್ತಿರ ಒಂದೂ ಇರಲಿಲ್ಲ, ದೂರ ಹೋದಷ್ಟೂ ಹೆಚ್ಚು ಕಂಡವು. ದೂರ ಹೆಚ್ಚಿದಂತೆ ಇಳಿಯಬೇಕಾದ ಗೆರೆ ಗ್ರಾಫಿನಲ್ಲಿ ಏರತೊಡಗಿತು. ಇದು ತಪ್ಪಿನ ಗುರುತು ಎಂದು ಸಾಹೇಬರಿಗೆ ತೋರಿಸಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, “ಏರುತ್ತಾ ಇದೆ ಅಲ್ವೇನ್ರೀ, ಪ್ರಗತಿ ಅಂದ್ರೆ ಹಾಗೇ” ಎಂದರು. ಆ ಹಾಳೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ನನ್ನ ಕೈಯೂ ಚೊಕ್ಕವಲ್ಲ. ದೂರ ಅಳೆಯುವ ಯಂತ್ರದ ಬ್ಯಾಟರಿಯನ್ನು ಯಾರೋ ರೇಡಿಯೋಗೆ ಹಾಕಿಕೊಂಡಿದ್ದರು. ಎರಡು ವರ್ಷ ನಾನು ಕಣ್ಣಳತೆಯಲ್ಲೇ ಬರೆದೆ. ನನ್ನ ದಾಖಲೆಯ ಪ್ರಕಾರ ಶಹಾಪುರ ಸೀಮೆಯ ಚಿಗರಿಗಳು ನೂರು ಮೀಟರಿಗೆ ನಿಲ್ಲುತ್ತಿದ್ದವು, ಇಲ್ಲವೇ ಇನ್ನೂರಕ್ಕೆ. ನೂರಿಪ್ಪತ್ತರಲ್ಲಿ ನಿಂತ ಚಿಗರಿಯನ್ನು ನಾನು ಒಮ್ಮೆಯೂ ಕಂಡಿಲ್ಲ. ಇದರಿಂದ ಯಾರಿಗೂ ನೋವಾಗಲಿಲ್ಲ. ಅದೇ ಕೆಟ್ಟದಾಯಿತು. ಅಂಕಿ ತಪ್ಪಿದರೆ ಯಾರಿಗೂ ನೋವಾಗುವುದಿಲ್ಲ ಎಂದು ನನಗೆ ರೂಢಿಯಾಯಿತು.

ನನ್ನ ನೌಕರಿಯ ಕೊನೆಯ ಎರಡು ವರ್ಷ ಉಳಿದಿದ್ದಾಗ ದೇವಮ್ಮ ಕಚೇರಿಗೆ ಬಂದಳು. ಹೊಳೆದಂಡೆಯ ಊರಿನಲ್ಲಿ ಹರಗೋಲು ಹಾಕಿ ಮೀನು ಹಿಡಿಯುವ ತಿಮ್ಮಯ್ಯನ ಹೆಂಡತಿ. ಐವತ್ತರ ಆಸುಪಾಸು, ಗಟ್ಟಿ ಧ್ವನಿ. ಊರವರ ಹೆಬ್ಬೆಟ್ಟು ಒತ್ತಿದ ಅರ್ಜಿಯನ್ನು ಸೆರಗಿನಿಂದ ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು. ಹೊಳೆಯಲ್ಲಿ ಮೊಸಳೆ ಹೆಚ್ಚಾಗಿವೆ, ಒಂದು ಎಮ್ಮೆಕರು ಹೋಯಿತು, ಬಲೆಗಳು ಹರಿದುಹೋಗುತ್ತಿವೆ. ಹೆಣ್ಣುಮಕ್ಕಳು ಬಟ್ಟೆ ಒಗೆಯುವ, ನೀರು ತರುವ ಘಟ್ಟಕ್ಕೆ ನೀರಿನೊಳಗೆ ಕಬ್ಬಿಣದ ಜಾಲರಿಯ ಬೇಲಿ ಹಾಕಿಸಿಕೊಡಬೇಕು. ಕೇಳಿದ್ದು ಇಷ್ಟೇ.

ದೊಡ್ಡ ಸಾಹೇಬರು ಅವಳಿಗೆ ಕುರ್ಚಿ ಕೊಡಿಸಿ ವಿಜ್ಞಾನ ತಿಳಿಸಿದರು. ಬೇಲಿ ಕೊಡುವುದು ಸಾಂದ್ರತೆಯ ಮೇಲೆ. ಒಂದು ಕಿಲೋಮೀಟರ್ ಹೊಳೆಗೆ ಒಂದು ಮೊಸಳೆಗಿಂತ ಹೆಚ್ಚಿದ್ದರೆ ಬೇಲಿ, ಇಲ್ಲದಿದ್ದರೆ ಇಲ್ಲ. ಘಟ್ಟದ ಮೇಲೂ ಕೆಳಗೂ ಸೇರಿ ಎಂಟು ಕಿಲೋಮೀಟರ್ ಎಣಿಸೋಣ ಎಂದರು.

ದೇವಮ್ಮ ನನ್ನ ಕಡೆ ತಿರುಗಿ, “ಎಂಟು ಮೊಸಳಿ ಇದ್ರ ಬೇಲಿ ಇಲ್ಲೇನ್ರಿ?” ಎಂದಳು.

ಒಂಬತ್ತು ಬೇಕು ಎಂದೆ.

“ಕಚ್ಚಾಕ ಒಂದ ಸಾಕಲ್ರಿ,” ಎಂದಳು. ಸಾಹೇಬರು ಅದನ್ನು ಹಾಸ್ಯವೆಂದು ತಿಳಿದು ನಕ್ಕರು.

ಮೊಸಳೆ ಎಣಿಸುವುದಕ್ಕೆ ಒಳ್ಳೆಯ ಕಾಲ ಚಳಿಗಾಲದ ಬೆಳಗು. ಆಗ ಅವು ಬಿಸಿಲು ಕಾಯಲು ಬಂಡೆಯ ಮೇಲೆ, ಉಸುಕಿನ ದಿಬ್ಬದ ಮೇಲೆ ಬಂದು ಮಲಗುತ್ತವೆ. ಕತ್ತಲಲ್ಲಿ ಟಾರ್ಚಿನ ಬೆಳಕು ಬಿಟ್ಟು ಕಣ್ಣಿನ ಹೊಳಪು ಎಣಿಸುವ ಕ್ರಮವೂ ಇದೆ. ನಾವು ಹೋದದ್ದು ಬೇಸಿಗೆಯ ಬಿಸಿಲೇರಿದ ಮೇಲೆ, ಏಕೆಂದರೆ ರಂಗಂಪೇಟೆಯಲ್ಲಿ ಸಾಹೇಬರಿಗೆ ಉಪ್ಪಿಟ್ಟು, ಶಾಲು, ಭಾಷಣ ಇದ್ದವು. ಹನ್ನೊಂದು ಜನ ಎರಡು ದೊಡ್ಡ ಹರಗೋಲುಗಳನ್ನು ಹತ್ತಿದೆವು. ಅದಕ್ಕೂ ಮೊದಲು ಸುರಕ್ಷತೆಯ ಆದೇಶವೊಂದು ಬಂತು. ತಿಮ್ಮಯ್ಯನ ಹರಗೋಲು ಎಲ್ಲರಿಗಿಂತ ಮುಂದೆ ಹೋಗಬೇಕು, ಅದರಲ್ಲಿದ್ದವರು ಹುಟ್ಟಿನಿಂದ ನೀರು ಬಡಿಯುತ್ತಾ ಸಾಗಬೇಕು.

ಇದು ಸಾಹೇಬರು ಹುಟ್ಟಿಸಿದ್ದಲ್ಲ, ಆ ಊರಿನವರದ್ದೇ ರೂಢಿ. ನೀರಿಗಿಳಿಯುವ ಮೊದಲು ಅಂಬಿಗರು ಹುಟ್ಟಿನಿಂದ ನಾಲ್ಕು ಸಲ ಬಡಿಯುತ್ತಾರೆ. ಹತ್ತಿರ ಮೊಸಳೆ ಇದ್ದರೆ ಮುಳುಗಿ ಸರಿಯಲಿ ಎಂದು. ಅವರು ಬಡಿಯುವುದು ಮೊಸಳೆ ಕಾಣದಿರಲಿ ಎಂದು. ನಾವು ಹೊರಟದ್ದು ಕಾಣಲಿ ಎಂದು. ಈ ವ್ಯತ್ಯಾಸ ಡಿಗ್ರಿ ಓದಿದ ನನಗೆ ಗೊತ್ತಿತ್ತು. ಸಾಹೇಬರ ಬಳಿ ಹೋಗಿ, ಹೀಗೆ ಬಡಿದರೆ ಎಣಿಕೆ ಕೆಡುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳಿದೆ. ಅವರು ಜೀವರಕ್ಷಕ ಜಾಕೀಟಿನ ಪಟ್ಟಿ ಬಿಗಿದುಕೊಳ್ಳುತ್ತಾ, “ಮೊದಲು ನಮ್ಮ ಜೀವ, ಆಮೇಲೆ ನಿಮ್ಮ ಸಂಭವನೀಯತೆ” ಎಂದರು. ನಾನೂ ಒಂದು ಜಾಕೀಟು ಹಾಕಿಕೊಂಡೆ.

ಎಂಟು ಕಿಲೋಮೀಟರ್ ದೂರವೂ ತಿಮ್ಮಯ್ಯ ಹೊಳೆಯನ್ನು ಬಡಿದ. ಅರ್ಧ ದಾರಿಯಲ್ಲಿ ತಿರುಗಿ, “ಸಾಹೇಬ್ರ, ಹಿಂಗ ಬಡದ್ರ ಮೊಸಳಿ ಇರಲಿ, ಮೀನಾ ಸೈತ ರಾಯಚೂರಿಗೆ ಗುಳೆ ಹೋಗ್ತಾವ್ರಿ” ಎಂದ. ಕೊನೆಗೆ ಎರಡು ಮೊಸಳೆ ಕಂಡವು. ಒಂದು ಮುದಿ, ಇನ್ನೊಂದಕ್ಕೆ ಬಹುಶಃ ಕಿವಿ ಮಂದ.

ಮರಳಿ ಬಂದು ನಮೂನೆ ತುಂಬಿದೆವು. ಅದರಲ್ಲೊಂದು ಕಾಲಂ ಇದೆ: ಇದ್ದ ಪ್ರಾಣಿ ಕಣ್ಣಿಗೆ ಬೀಳುವ ಸಂಭವ ಎಷ್ಟು. ಇದ್ದದ್ದರಲ್ಲಿ ಅರ್ಧ ಕಾಣುತ್ತವೆ ಎನ್ನುವುದಾದರೆ ಕಂಡ ಎರಡು ನಾಲ್ಕಾಗುತ್ತದೆ, ಹತ್ತರಲ್ಲೊಂದು ಎನ್ನುವುದಾದರೆ ಇಪ್ಪತ್ತು. ನಾನು ಪೆನ್ನು ಹಿಡಿದು ಕುಳಿತೆ. ಸಾಹೇಬರು ಹಿಂದೆ ನಿಂತಿದ್ದರು. ನೋಡಿದವರು ಹನ್ನೊಂದು ಜನ, ಇಪ್ಪತ್ತೆರಡು ಕಣ್ಣು ತಪ್ಪಿಸಿ ಮೊಸಳೆ ಎಲ್ಲಿ ಅಡಗುತ್ತೆ ಎಂದು ಕೇಳಿದರು. ನೀರಿನಲ್ಲಿ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ‘ಒಂದು’ ಎಂದು ಬರೆದೆ. ಅಂದರೆ ಇದ್ದದ್ದೆಲ್ಲ ಕಂಡಿದೆ ಎಂದರ್ಥ. ಅದರ ಕೆಳಗೆ ಸಹಿ ಹಾಕಿದೆ. ಬೇಲಿಯ ಅರ್ಜಿ ತಿರಸ್ಕೃತವಾಯಿತು. ಬೇಲಿಯ ಬದಲು ಘಟ್ಟದಲ್ಲೊಂದು ಫಲಕ ನೆಟ್ಟರು. ಅದರ ಮೇಲೆ ‘ಕಡಿಮೆ ಮೊಸಳೆ ಸಾಂದ್ರತೆಯ ವಲಯ’ ಎಂದಿತ್ತು. ಊರವರು ಅದಕ್ಕೆ ಒಗೆದ ಬಟ್ಟೆ ಒಣಹಾಕತೊಡಗಿದರು.

ಅರ್ಜಿ ತಿರಸ್ಕೃತವಾದ ಆದೇಶವನ್ನು ಅರ್ಜಿದಾರರಿಗೆ ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕೆಂಬುದು ನಿಯಮ. ಆ ಕೆಲಸಕ್ಕೆ ನನ್ನನ್ನು ಕಳಿಸಿದರು. ಬೆಳಗಿನ ಹತ್ತರ ಹೊತ್ತಿಗೆ ಊರು ಮುಟ್ಟಿದೆ. ದೇವಮ್ಮ ಘಟ್ಟದಲ್ಲಿದ್ದಾಳೆ ಎಂದರು. ಅಲ್ಲಿಗೆ ಹೋದೆ.

ಆ ಘಟ್ಟದ ಇನ್ನೊಂದು ರೂಢಿ ನನಗೆ ಆಗ ತಿಳಿದಿರಲಿಲ್ಲ. ಅಲ್ಲಿ ಯಾವ ಹೆಣ್ಣೂ ಒಬ್ಬಳೇ ಬಟ್ಟೆ ಒಗೆಯುವುದಿಲ್ಲ. ಒಬ್ಬಳು ನೀರಿನಲ್ಲಿ ನಿಂತು ಒಗೆದರೆ ಇನ್ನೊಬ್ಬಳು ಮೆಟ್ಟಿಲ ಮೇಲೆ ನಿಂತು ನೀರು ಕಾಯುತ್ತಾಳೆ. ಕಾಯುವವಳು ಮಾತಾಡುವುದಿಲ್ಲ, ಯಾರು ಕರೆದರೂ ತಿರುಗುವುದಿಲ್ಲ. ಅವಳ ಕೈಯಲ್ಲೊಂದು ಉದ್ದನೆಯ ಕೋಲು ಇರುತ್ತದೆ. ಆ ಹೊತ್ತು ಕಾಯುತ್ತಿದ್ದವಳು ದೇವಮ್ಮ. ತೊಡೆಯುದ್ದ ನೀರಿನಲ್ಲಿ ಬಗ್ಗಿ ಒಗೆಯುತ್ತಿದ್ದವಳು ಅವಳ ಸೊಸೆ ನಿಂಗಮ್ಮ.

ನಾನು ಮೇಲಿನ ಮೆಟ್ಟಿಲಿನಿಂದ ದೇವಮ್ಮನನ್ನು ಕರೆದೆ. ತಿರುಗಲಿಲ್ಲ. ಸರಕಾರಿ ಕಾಗದಕ್ಕೆ ಮರ್ಯಾದೆಯಿಲ್ಲವೆಂದು ನನಗೆ ಸಿಟ್ಟು ಬಂತು. ಬೇಲಿಯ ಆದೇಶ ತಂದಿದ್ದೇನೆ ಎಂದು ಇನ್ನಷ್ಟು ಗಟ್ಟಿಯಾಗಿ ಹೇಳಿದೆ. ಬೇಲಿ ಎಂದದ್ದಕ್ಕೆ ಅವಳು ತಿರುಗಿದಳು.

ನಾನು ಓದತೊಡಗಿದೆ. ವೈಜ್ಞಾನಿಕ ಗಣತಿಯ ಪ್ರಕಾರ ಸದರಿ ಎಂಟು ಕಿಲೋಮೀಟರ್ ವ್ಯಾಪ್ತಿಯಲ್ಲಿ ಮೊಸಳೆಗಳ ಸಂಖ್ಯೆ ಎರಡು ಇದ್ದು, ಎಂಬಲ್ಲಿಗೆ ಬಂದಿದ್ದೆ. ದೇವಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಬೆನ್ನ ಹಿಂದೆ ನೀರು ಅಲುಗಾಡಲೇ ಇಲ್ಲ. ಇದನ್ನು ನೂರಾರು ಸಲ ನೆನಪಿಸಿಕೊಂಡಿದ್ದೇನೆ. ಒಂದು ಸಲವೂ ನೀರು ಅಲುಗಾಡಿದ್ದು ನೆನಪಿಗೆ ಬರುವುದಿಲ್ಲ. ನಿಂಗಮ್ಮ ಒಂದು ಸೀರೆಯನ್ನು ಕಲ್ಲಿಗೆ ಎತ್ತಿದ್ದಳು. ಸೀರೆ ಮೇಲಿತ್ತು, ಅವಳಿರಲಿಲ್ಲ. ಆಮೇಲೆ ಸದ್ದು ಬಂತು. ಬಾಗಿಲು ಹಾಕಿದ ಹಾಗೆ.

ಅವಳ ಎಡಗಾಲು ಮೊಸಳೆಯ ಬಾಯಲ್ಲಿತ್ತು. ಅವಳ ಎರಡೂ ಕೈ ಒಗೆಯುವ ಕಲ್ಲನ್ನು ತಬ್ಬಿದ್ದವು. ದೇವಮ್ಮ ಕೋಲು ಹಿಡಿದು ನೀರಿಗೇ ಹಾರಿದಳು. ಅದರ ಮೂತಿಗೆ, ಕಣ್ಣಿಗೆ ಹೊಡೆದಳು. ಹೊಡೆಯುತ್ತಾ ನನ್ನ ಕಡೆ ನೋಡದೆ, “ಕೈ ಹಿಡೀರಿ” ಎಂದಳು. ಅರಚಲಿಲ್ಲ. ಮನೆಯಲ್ಲಿ ಕೊಡ ಇಳಿಸಲು ಕರೆಯುವಷ್ಟೇ ದನಿ.

ನಾನು ತಕ್ಷಣ ಹೋಗಲಿಲ್ಲ. ಇದನ್ನು ಬರೆಯದಿದ್ದರೆ ಮಿಕ್ಕದ್ದೆಲ್ಲ ಬರೆದು ಉಪಯೋಗವಿಲ್ಲ. ನಾನು ಮೊದಲು ಆದೇಶವನ್ನು ಮಡಿಸಿ ಅಂಗಿಯ ಕಿಸೆಯಲ್ಲಿಟ್ಟೆ. ನೆನೆದುಹೋದರೆ ಎಂದು. ಆಮೇಲೆ ಇಳಿದು ನಿಂಗಮ್ಮನ ಮಣಿಕಟ್ಟು ಹಿಡಿದೆ. ಎಳೆದೆ. ಆ ಕಡೆಯಿಂದ ಎಳೆಯುವುದರ ಬಲ ಅವಳ ಕೈಯ ಮೂಲಕ ನನ್ನ ಭುಜಕ್ಕೆ ಬರುತ್ತಿತ್ತು. ಎಷ್ಟು ಹೊತ್ತೋ ತಿಳಿಯದು. ಒಮ್ಮೆಲೇ ಹಗುರಾಯಿತು. ಬಿಟ್ಟಿತ್ತು.

ನಿಂಗಮ್ಮನ ಕಾಲು ಉಳಿಯಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು, ಕೋಲು ಊರಿಕೊಂಡು ಮನೆಗೆ ಬಂದಳು. ಅವಳನ್ನು ನೋಡಲು ಹೋದಾಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ದೇವಮ್ಮ ಮಾತ್ರ ಹೊರಗೆ ಕರೆದೊಯ್ದು ಒಂದು ಮಾತು ಕೇಳಿದಳು.

“ಹಿಡದದ್ದು ಆ ಎರಡರಾಗ ಯಾವುದ್ರಿ?”

ಅವಳು ವ್ಯಂಗ್ಯವಾಡಿದಳೆಂದು ತಿಳಿದೆ. ಆದರೆ ಕಚೇರಿಯ ಸಭೆಯಲ್ಲಿ ದೊಡ್ಡ ಸಾಹೇಬರು ಗಂಭೀರವಾಗಿ ಕೇಳಿದ್ದೂ ಅದನ್ನೇ. ಹಿಡಿದದ್ದು ಎಣಿಸಿದ ಮೊಸಳೆಯಾಗಿದ್ದರೆ ನಮ್ಮ ಗಣತಿ ಸರಿ. ಎಣಿಸದ ಮೊಸಳೆಯಾಗಿದ್ದರೆ ಅದು ಹೊರಗಿನಿಂದ ಬಂದಿರಬೇಕು, ಹಾಗಾಗಿ ಆಗಲೂ ಗಣತಿ ಸರಿ. ಮೊಸಳೆ ಹಿಡಿದ ಹೊತ್ತಿಗೆ ಹೆಂಗಸು ಗಣತಿಯ ಗೆರೆಯಿಂದ ಎಷ್ಟು ಮೀಟರ್ ಹೊರಗಿದ್ದಳು ಎಂದು ಅಳೆದು ಬರುವಂತೆ ಒಬ್ಬರಿಗೆ ಹೇಳಿದರು. ಅವರು ಟೇಪು ಹಿಡಿದು ಹೋಗಿ ಅಳೆದುಕೊಂಡೇ ಬಂದರು.

ಚಳಿ ಬಿದ್ದ ಮೇಲೆ ನಾನು ರಜೆ ಹಾಕಿ ಆ ಊರಿಗೆ ಹೋದೆ. ಮತ್ತೆ ಎಣಿಸುತ್ತೇನೆ, ನೀನೂ ಎಣಿಸಬೇಕು ಎಂದು ದೇವಮ್ಮನಿಗೆ ಹೇಳಿದೆ.

“ನಾ ಶಾಲಿ ಕಲತಿಲ್ರಿ.”

ನೀರು ಕಾಯಲು ಕಲಿತಿದ್ದೀಯಲ್ಲ, ಅಷ್ಟು ಸಾಕು ಎಂದೆ.

ನಡುಹೊಳೆಯ ಬಂಡೆಗಳ ಆ ಬದಿ ಈ ಬದಿ ಎರಡು ಹರಗೋಲುಗಳು ಒಂದೇ ಹೊತ್ತಿಗೆ ಹೊರಟವು. ಒಂದರಲ್ಲಿ ದೇವಮ್ಮ ತಾನೇ ಹುಟ್ಟು ಹಾಕುತ್ತಿದ್ದಳು. ಇನ್ನೊಂದರಲ್ಲಿ ನಾನು ಮತ್ತು ತಿಮ್ಮಯ್ಯ. ನೀರು ಬಡಿಯುವಂತಿಲ್ಲ, ಹರಿವು ಒಯ್ದ ಹಾಗೆ ಹೋಗುವುದು. ಅವಳು ಕಂಡದ್ದನ್ನು ನನಗೆ ಹೇಳಬಾರದು, ನಾನು ಅವಳಿಗೆ ಹೇಳಬಾರದು. ತಿಮ್ಮಯ್ಯ ನನಗೆ ಬೆರಳು ತೋರಿಸಬಾರದು. ಪಾಪ, ಆತನಿಗೆ ಇದು ಬಹಳ ಕಷ್ಟವಾಯಿತು. ನಾನು ಮೊಸಳೆಯೊಂದನ್ನು ನೋಡದೆ ದಾಟಿದಾಗಲೆಲ್ಲ ಆತನಿಗೆ ಕೆಮ್ಮು ಬರುತ್ತಿತ್ತು. ಕೆಮ್ಮಬಾರದೆಂದು ಗದರಿಸಿದ ಮೇಲೆ ಕಣ್ಣು ಮುಚ್ಚಿಕೊಂಡೇ ಹುಟ್ಟು ಹಾಕಿದ. ಆ ಎಂಟು ಕಿಲೋಮೀಟರ್ ನನ್ನ ಕೈಗಳು ಹರಗೋಲಿನ ಅಂಚನ್ನು ಬಿಡಲಿಲ್ಲ. ಬರೆಯಲು ಮಾತ್ರ ಒಂದನ್ನು ಬಿಡುತ್ತಿದ್ದೆ, ಬರೆದು ಮತ್ತೆ ಹಿಡಿಯುತ್ತಿದ್ದೆ.

ಆ ಹೊಳೆಯಲ್ಲಿ ಪ್ರತಿ ಬಂಡೆಗೂ ಹೆಸರಿದೆ. ಆನೆಬಂಡೆ, ಕುಂಟಬಂಡೆ, ಅತ್ತೆಸೊಸೆಯರ ಬಂಡೆ. ಹಾಗಾಗಿ ಯಾರು ಎಲ್ಲಿ ಕಂಡರು ಎಂದು ಹೊಂದಿಸಿ ನೋಡಲು ತೊಡಕಾಗಲಿಲ್ಲ. ನಾನು ಕಂಡದ್ದು ಏಳು. ದೇವಮ್ಮ ಕಂಡದ್ದು ಒಂಬತ್ತು. ಇಬ್ಬರ ಕಣ್ಣಿಗೂ ಬಿದ್ದವು ಐದು. ದಂಡೆಯ ಮೇಲೆ ಕುಳಿತು ಹುಣಸೆಬೀಜ ಹರಡಿ ಅವಳಿಗೆ ಲೆಕ್ಕ ತೋರಿಸಿದೆ. ನೀನು ಕಂಡ ಒಂಬತ್ತರಲ್ಲಿ ನನಗೆ ಸಿಕ್ಕಿದ್ದು ಐದು. ಅಂದರೆ ನನ್ನ ಕಣ್ಣು ಒಂಬತ್ತಿದ್ದರೆ ಐದು ಹಿಡಿಯುವ ಕಣ್ಣು. ಅಂಥ ಕಣ್ಣಿಗೆ ಏಳು ಬಿದ್ದಿವೆ ಎಂದರೆ ಹೊಳೆಯಲ್ಲಿ ಎಷ್ಟಿರಬೇಕು? ಏಳನ್ನು ಒಂಬತ್ತರಿಂದ ಗುಣಿಸಿ ಐದರಿಂದ ಭಾಗಿಸಿದರೆ ಹನ್ನೆರಡೂವರೆಗಿಂತ ತುಸು ಹೆಚ್ಚು. ಹದಿಮೂರು ಎನ್ನೋಣ. ನಾವಿಬ್ಬರೂ ಸೇರಿ ಕಂಡದ್ದು ಹನ್ನೊಂದು. ಉಳಿದೆರಡು ನಿನಗೂ ಕಂಡಿಲ್ಲ, ನನಗೂ ಕಂಡಿಲ್ಲ. ಅಂದು ಪೂರ್ತಿ ನೀರಿನೊಳಗೇ ಇದ್ದಂಥವು ಈ ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಹದಿಮೂರಕ್ಕಿಂತ ಹೆಚ್ಚೇ ಇರಬಹುದು.

ದೇವಮ್ಮ ಬೀಜಗಳ ಮೇಲೆ ಬಗ್ಗಿದಳು. ಕಾಣದ ಎರಡನ್ನು ಬೇರೆ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು.

“ನಾವು ಅಂಜೂದು ಇವಕ್ಕ ನೋಡ್ರಿ. ಬಂಡಿ ಮ್ಯಾಲ ಕುಂತದ್ದು ಕುಂತಿರ್ತೈತಿ. ನೀವು ಇವನ್ನ ಮೊದಲ ಯಾಕ ಬರೀಲಿಲ್ಲ?”

ಸಾಹೇಬರು ಹಿಂದೆ ನಿಂತಿದ್ದರು ಎಂದೆ. ಅವಳು ಬೀಜಗಳನ್ನು ನನ್ನ ಕಾಗದದ ಮೇಲೆ ಹಾಕಿ ಎದ್ದುಹೋದಳು.

ವರದಿ ನೋಡಿದ ದೊಡ್ಡ ಸಾಹೇಬರು ಎರಡನೇ ವೀಕ್ಷಕಿಯ ವಿದ್ಯಾರ್ಹತೆ ಏನೆಂದು ಕೇಳಿದರು. ಆ ಕಾಲಮಿನಲ್ಲಿ ನಾನು ‘ಹದಿನಾರನೇ ವಯಸ್ಸಿನಿಂದ ಈ ನೀರನ್ನು ಕಾಯುತ್ತಿದ್ದಾರೆ’ ಎಂದು ಬರೆದಿದ್ದೆ. ಅದು ಅವರಿಗೆ ಹಿಡಿಸಲಿಲ್ಲ. ಆದರೂ ನನ್ನ ಮನಸ್ಸು ನೋಯಿಸಬಾರದೆಂದು ದಾರಿಯೊಂದನ್ನು ಹುಡುಕಿದರು. ಹಳೆಯ ಗಣತಿ ಎರಡು, ಹೊಸದು ಹದಿಮೂರು, ಎರಡಕ್ಕೂ ಅನ್ಯಾಯವಾಗದಂತೆ ಸರಾಸರಿ ತೆಗೆಯೋಣ. ಏಳೂವರೆ. ಎಂಟು ಕಿಲೋಮೀಟರಿಗೆ ಏಳೂವರೆ ಎಂದರೆ ಕಿಲೋಮೀಟರಿಗೆ ಒಂದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಮೊಸಳೆಗಳು ಹೆಚ್ಚಾದವು, ಬೇಲಿ ಮಾತ್ರ ಬರಲಿಲ್ಲ. ಇಷ್ಟು ಚಂದದ ಸರಾಸರಿಯನ್ನು ನಾನು ಕಾಲೇಜಿನಲ್ಲೂ ಕಂಡಿರಲಿಲ್ಲ. ತಪ್ಪು ಎಣಿಕೆ ಮತ್ತು ಸರಿ ಎಣಿಕೆಯ ಸರಾಸರಿಯೂ ತಪ್ಪೇ ಎಂದು ಹೇಳಿದೆ. ಈ ಸಲ ಸಣ್ಣ ದನಿಯಲ್ಲಿ ಹೇಳಲಿಲ್ಲ. ಹೊರಗಿದ್ದ ಜವಾನ ಬಾಗಿಲು ಮುಚ್ಚಿದ.

ನಿವೃತ್ತಿಗೆ ನಾಲ್ಕು ತಿಂಗಳಿದ್ದವು. ಮೇಲಿನ ಕಚೇರಿಗೆ ನೇರವಾಗಿ ಬರೆದೆ. ಹಳೆಯ ಸಹಿ ನನ್ನದು, ಆ ಅಂಕಿ ಸುಳ್ಳೆಂದು ಗೊತ್ತಿದ್ದೇ ಹಾಕಿದೆ, ಅದನ್ನು ಓದುತ್ತಾ ನೀರು ಕಾಯುವವಳ ಗಮನ ತಪ್ಪಿಸಿದ್ದೂ ನಾನೇ. ಒಂದೇ ಹೊಳೆಗೆ ಎರಡು ಅಂಕಿ ಕೊಟ್ಟ ಬಗ್ಗೆ ಕಾರಣ ಕೇಳಿ ನನಗೆ ನೋಟೀಸು ಬಂತು. ಉತ್ತರವಾಗಿ ಆದೇಶ ಮಡಿಸಿ ಕಿಸೆಯಲ್ಲಿಟ್ಟದ್ದನ್ನೂ ಬರೆದೆ. ಅದನ್ನು ಕಡತದಲ್ಲಿ ಯಾವ ತಲೆಬರಹದಡಿ ಇಡಬೇಕೆಂದು ಯಾರಿಗೂ ತಿಳಿಯಲಿಲ್ಲವಂತೆ. ಈ ಪತ್ರ ಯಾರ ಕೈಗಾದರೂ ಸಿಕ್ಕರೆ ಎಂಬ ಭಯಕ್ಕೋ ಏನೋ, ಹದಿಮೂರಕ್ಕೆ ಒಪ್ಪಿಗೆ ಬಂತು. ಬೇಲಿ ಮಂಜೂರಾಯಿತು. ನಾನು ನಿವೃತ್ತನಾದ ಎರಡನೇ ತಿಂಗಳಿಗೆ ಘಟ್ಟದ ನೀರಿನೊಳಗೆ ಕಬ್ಬಿಣದ ಜಾಲರಿ ನಿಂತಿತು.

ಉದ್ಘಾಟನೆಯ ದಿನ ನಾನೂ ಹೋಗಿದ್ದೆ, ಹಿಂದೆ ನಿಂತಿದ್ದೆ. ರಿಬ್ಬನ್ ಕತ್ತರಿಸಿದರು. ಗಣತಿಯಿಂದಲೇ ಇದು ಸಾಧ್ಯವಾಯಿತು ಎಂದು ದೊಡ್ಡ ಸಾಹೇಬರು ಭಾಷಣ ಮಾಡಿದರು. ಅತಿಥಿಗಳು ಮೆಟ್ಟಿಲ ಮೇಲೆಯೇ ನಿಂತು ಫೋಟೋ ತೆಗೆಸಿಕೊಂಡು ಜೀಪು ಹತ್ತಿದರು. ನೀರಿಗೆ ಯಾರೂ ಇಳಿಯಲಿಲ್ಲ. ಊರ ಹೆಂಗಸರು ಬಟ್ಟೆಯ ಗಂಟು ಹೊತ್ತುಕೊಂಡು ಬಂದು ಸಾಲಾಗಿ ನಿಂತರು, ಅವರೂ ಇಳಿಯಲಿಲ್ಲ. ಎಲ್ಲರೂ ನಿಂಗಮ್ಮನನ್ನು ನೋಡುತ್ತಿದ್ದರು. ಅವಳು ಕೋಲು ಊರಿಕೊಂಡು ಮೇಲಿನ ಮೆಟ್ಟಿಲಿನಲ್ಲಿ ನಿಂತಿದ್ದಳು. ಅಷ್ಟು ದಿನಗಳಲ್ಲಿ ಅವಳು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ.

“ಬೇಲಿ ಗಟ್ಟಿ ಐತೇನ್ರಿ?” ಎಂದು ಕೇಳಿದಳು.

ಗಟ್ಟಿ ಇದೆ ಎಂದೆ. ಗಟ್ಟಿ ಇದೆ ಎಂದು ನನಗೆ ಯಾರೋ ಹೇಳಿದ್ದರು, ನಾನು ನೋಡಿರಲಿಲ್ಲ. ಅದು ನನ್ನ ಮುಖದಲ್ಲಿ ಕಂಡಿರಬೇಕು.

“ಹಂಗಾರ ನೀವು ಇಳೀರಿ ಸರ್.”

ಹೆಂಗಸರು ದಾರಿ ಬಿಟ್ಟರು. ನಾನು ಚಪ್ಪಲಿ ಬಿಟ್ಟು ಪ್ಯಾಂಟು ಮಡಚಿದೆ. ಮೊದಲ ಮೆಟ್ಟಿಲಿಗೆ ನೀರು ಪಾದ ಮುಳುಗಿಸಿತು. ನೀರು ರಾಡಿಯಾಗಿತ್ತು, ನನ್ನ ಬೆರಳುಗಳೇ ನನಗೆ ಕಾಣುತ್ತಿರಲಿಲ್ಲ. ಎರಡನೆಯ ಮೆಟ್ಟಿಲಿಗೆ ಮೊಣಕಾಲು. ಜಾಲರಿಯವರೆಗೆ ಕೈ ಚಾಚಿ ಅಲುಗಾಡಿಸಿ ನೋಡಿದೆ. ಅಲುಗಾಡಲಿಲ್ಲ. ನನ್ನ ಕಾಲು ಎಬ್ಬಿಸಿದ ಅಲೆಗಳು ಹೋಗಿ ಜಾಲರಿಗೆ ತಾಗಿ ಮರಳುತ್ತಿದ್ದವು.

ತಿರುಗಿ ನೋಡಿದೆ, ಸಾಕೇ ಎನ್ನುವ ಹಾಗೆ.

“ನಾವು ಒಗಿಯೂದು ಮೂರನೇ ಮೆಟ್ಟಲದಾಗ್ರಿ,” ಎಂದಳು ನಿಂಗಮ್ಮ.

ನಾನು ಇಳಿದೆ. ನೀರು ತೊಡೆಗೆ ಬಂತು. ಅವಳು ಕೋಲನ್ನು ಅತ್ತೆಯ ಕೈಗೆ ಕೊಟ್ಟು, ಕುಂಟುವ ಕಾಲನ್ನೇ ಮೊದಲು ಮುಂದಿಟ್ಟು, ನನ್ನ ಪಕ್ಕದಲ್ಲಿ ಬಂದು ನಿಂತಳು.